ವೃದ್ಧಿಕಾರಕಗಳು ಮತ್ತು ಕ್ಯಾನ್ಸರ್ ಕೋಶದ ಯೋಜಿತ ಮರಣ: ಒಂದು ಪರಿಕಲ್ಪನೆಯ ಇತಿಹಾಸ

ಇಪ್ಪತ್ತನೆಯ ಶತಮಾನದ ಜೀವವಿಜ್ಞಾನದಲ್ಲಿ ಎರಡು ಪ್ರಶ್ನೆಗಳು ದೀರ್ಘಕಾಲ ಪ್ರತ್ಯೇಕವಾಗಿಯೇ ಸಾಗಿಬಂದವು. ಜೀವಕೋಶವು ಏಕೆ ಬೆಳೆಯುತ್ತದೆ, ಏಕೆ ವಿಭಜನೆಗೊಳ್ಳುತ್ತದೆ ಎಂಬುದು ಮೊದಲನೆಯದು. ರೋಗವಾಗಲಿ ಗಾಯವಾಗಲಿ ಇಲ್ಲದೆಯೂ ಜೀವಕೋಶವು ಏಕೆ ಸಾಯುತ್ತದೆ ಎಂಬುದು ಎರಡನೆಯದು. ಮೊದಲ ಪ್ರಶ್ನೆಯ ಬೆನ್ನು ಹತ್ತಿದವರು ವೃದ್ಧಿಕಾರಕಗಳೆಂಬ ಪ್ರೋಟೀನುಗಳನ್ನು ಕಂಡುಹಿಡಿದರು. ಎರಡನೆಯದರ ಬೆನ್ನು ಹತ್ತಿದವರು ಯೋಜಿತ ಕೋಶಮರಣವೆಂಬ, ಇಂದು ‘ಅಪೊಪ್ಟೋಸಿಸ್’ ಎಂದು ಪ್ರಸಿದ್ಧವಾಗಿರುವ ವಿದ್ಯಮಾನವನ್ನು ಗುರುತಿಸಿದರು. ಕ್ಯಾನ್ಸರ್ ಸಂಶೋಧನೆಯು ಬಹುಕಾಲ ಮೊದಲ ಪ್ರಶ್ನೆಯನ್ನಷ್ಟೇ ತನ್ನದೆಂದು ಭಾವಿಸಿತ್ತು. 1988ರಿಂದ 1997ರವರೆಗಿನ ಒಂದು ದಶಕದಲ್ಲಿ ಈ ಎರಡೂ ಧಾರೆಗಳು ಕೂಡಿಕೊಂಡವು. ಆ ಕೂಡುವಿಕೆಯಿಂದ ಕ್ಯಾನ್ಸರಿನ ವ್ಯಾಖ್ಯೆಯೇ ಬದಲಾಯಿತು.

ಇಲ್ಲಿ ಇತಿಹಾಸಕಾರನ ಗಮನ ಸೆಳೆಯುವ ಒಂದು ಸಂಗತಿಯಿದೆ. ಮೊತ್ತಮೊದಲು ಪತ್ತೆಯಾದ ವೃದ್ಧಿಕಾರಕವು ದೊರೆತದ್ದು ಸಾಯುತ್ತಿದ್ದ ನರಕೋಶಗಳ ಅಧ್ಯಯನದಿಂದ; ಅದು ಮೊದಲು ಕಾಣಿಸಿಕೊಂಡದ್ದು ಇಲಿಯ ಕ್ಯಾನ್ಸರ್ ಗಡ್ಡೆಯೊಂದರಲ್ಲಿ. ಅಂದರೆ ವೃದ್ಧಿಕಾರಕ, ಕೋಶಮರಣ, ಕ್ಯಾನ್ಸರ್ ಎಂಬ ಮೂರೂ ಎಳೆಗಳು 1950ರ ದಶಕದ ಆರಂಭದಲ್ಲಿಯೇ ಒಂದೇ ಮೇಜಿನ ಮೇಲೆ ಇದ್ದವು. ಆದರೂ ಅವುಗಳ ನಂಟು ಸ್ಪಷ್ಟವಾಗಲು ಸುಮಾರು ನಾಲ್ಕು ದಶಕಗಳು ಬೇಕಾದವು. ಈ ವಿಳಂಬಕ್ಕೆ ಕಾರಣಗಳೇನು ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಭ್ರೂಣದಲ್ಲಿ ಕಂಡ ಸಾವು

ಬೆಳೆಯುತ್ತಿರುವ ಜೀವಿಯ ದೇಹದಲ್ಲಿ ಸಹಜವಾಗಿಯೇ ಕೋಶಗಳು ಸಾಯುತ್ತವೆ ಎಂಬ ಅವಲೋಕನ ಹಳೆಯದು. 1842ರಲ್ಲಿ ಕಾರ್ಲ್ ಫೋಗ್ಟ್ ಕಪ್ಪೆಯ ಜಾತಿಯ ಒಂದು ಪ್ರಾಣಿಯ ಬೆಳವಣಿಗೆಯಲ್ಲಿ ಇದನ್ನು ಗಮನಿಸಿದ್ದನು. 1885ರಲ್ಲಿ ವಾಲ್ಟರ್ ಫ್ಲೆಮಿಂಗ್ ಅಂಡಾಶಯದ ಕೋಶಕಗಳಲ್ಲಿ ಕೋಶಕೇಂದ್ರವು ಒಡೆದು ಚೂರಾಗುವುದನ್ನು ವಿವರಿಸಿ ಚಿತ್ರಿಸಿದ್ದನು. ಆದರೆ ಇವು ಪ್ರಾಸಂಗಿಕ ದಾಖಲೆಗಳಾಗಿ ಉಳಿದವೇ ಹೊರತು ಒಂದು ಸಿದ್ಧಾಂತಕ್ಕೆ ತಳಹದಿಯಾಗಲಿಲ್ಲ.

ಜರ್ಮನಿಯಲ್ಲಿ ಹಾನ್ಸ್ ಸ್ಪೆಮಾನ್‌ನ ಶಿಷ್ಯನಾಗಿದ್ದ ವಿಕ್ಟರ್ ಹ್ಯಾಂಬರ್ಗರ್ 1932ರಲ್ಲಿ ವ್ಯಾಸಂಗಕ್ಕೆಂದು ಶಿಕಾಗೋಗೆ ಹೋಗಿದ್ದಾಗ, ನಾಜಿ ಆಡಳಿತವು ಜನಾಂಗದ ಕಾರಣದಿಂದ ಅವನನ್ನು ಹುದ್ದೆಯಿಂದ ತೆಗೆದುಹಾಕಿತು. ಅಮೆರಿಕದಲ್ಲಿಯೇ ಉಳಿದ ಆತ 1934ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದನು. ಕೋಳಿಮರಿಯ ಭ್ರೂಣದಲ್ಲಿ ರೆಕ್ಕೆಯಾಗಬೇಕಾಗಿದ್ದ ಮೊಗ್ಗನ್ನು ಕತ್ತರಿಸಿ ತೆಗೆದರೆ, ಆ ಭಾಗಕ್ಕೆ ಸಂಬಂಧಿಸಿದ ನರಕೋಶಗಳು ಬೆನ್ನುಹುರಿಯಲ್ಲಿ ಗಣನೀಯವಾಗಿ ಕಡಿಮೆಯಾಗುತ್ತಿದ್ದವು. ಸ್ಪೆಮಾನ್ ಪರಂಪರೆಯ ಚಿಂತನೆಗೆ ಅನುಗುಣವಾಗಿ ಹ್ಯಾಂಬರ್ಗರ್ ಇದಕ್ಕೆ ನೀಡಿದ ವಿವರಣೆಯೆಂದರೆ, ರೆಕ್ಕೆಯಿಂದ ಬರಬೇಕಾದ ಪ್ರೇರಣೆ ಇಲ್ಲದ್ದರಿಂದ ಹೊಸ ನರಕೋಶಗಳು ರೂಪುಗೊಳ್ಳಲಿಲ್ಲ ಎಂಬುದು.

ಈ ಲೇಖನವನ್ನು ಇಟಲಿಯ ಟ್ಯೂರಿನ್ ನಗರದ ರೀಟಾ ಲೆವಿ ಮೊಂಟಾಲ್ಚಿನಿ 1940ರಲ್ಲಿ ಓದಿದಳು. 1938ರ ಜನಾಂಗೀಯ ಕಾನೂನುಗಳ ಕಾರಣ ಯಹೂದಿಯಾಗಿದ್ದ ಅವಳಿಗೆ ವಿಶ್ವವಿದ್ಯಾನಿಲಯದ ಬಾಗಿಲು ಮುಚ್ಚಿತ್ತು. ಅವಳು ಮನೆಯ ಮಲಗುವ ಕೋಣೆಯನ್ನೇ ಪ್ರಯೋಗಶಾಲೆಯಾಗಿ ಮಾಡಿಕೊಂಡು, ಹೊಲಿಗೆಯ ಸೂಜಿಗಳನ್ನು ಮಸೆದು ಉಪಕರಣಗಳನ್ನಾಗಿಸಿ, ಕೋಳಿಮೊಟ್ಟೆಗಳ ಮೇಲೆ ಹ್ಯಾಂಬರ್ಗರನ ಪ್ರಯೋಗವನ್ನು ಪುನರಾವರ್ತಿಸಿದಳು. ಅವಳ ಗುರು ಜುಸೆಪ್ಪೆ ಲೆವಿಯೂ ಅದೇ ಕಾನೂನಿಗೆ ಬಲಿಯಾಗಿ ಈ ಕೋಣೆಯಲ್ಲಿ ಅವಳ ಸಹೋದ್ಯೋಗಿಯಾದನು. 1942ರಲ್ಲಿ ಬೆಲ್ಜಿಯಂನ ನಿಯತಕಾಲಿಕವೊಂದರಲ್ಲಿ ಪ್ರಕಟವಾದ ಅವರ ತೀರ್ಮಾನ ಹ್ಯಾಂಬರ್ಗರನ ತೀರ್ಮಾನಕ್ಕಿಂತ ಭಿನ್ನವಾಗಿತ್ತು. ನರಕೋಶಗಳು ಹುಟ್ಟದೆ ಇರುವುದಿಲ್ಲ. ಹುಟ್ಟಿ, ರೂಪುಗೊಂಡು, ಗುರಿಯತ್ತ ತಂತುಗಳನ್ನು ಚಾಚಿ, ಅನಂತರ ಸಾಯುತ್ತವೆ.

ಮೇಲ್ನೋಟಕ್ಕೆ ಇದು ಕೇವಲ ವ್ಯಾಖ್ಯಾನದ ಭೇದದಂತೆ ಕಂಡರೂ ಅದರ ಪರಿಣಾಮ ದೊಡ್ಡದು. ಮೊದಲ ವಿವರಣೆಯ ಪ್ರಕಾರ ದೇಹದ ಅಂಗವು ಕೋಶಕ್ಕೆ ಹುಟ್ಟುವ ಆದೇಶ ನೀಡುತ್ತದೆ. ಎರಡನೆಯದರ ಪ್ರಕಾರ ಅದು ಬದುಕುವ ಅನುಮತಿ ನೀಡುತ್ತದೆ. ಅನುಮತಿ ದೊರೆಯದ ಕೋಶ ಅಳಿಯುತ್ತದೆ. ಯುದ್ಧ ಮುಗಿದ ಬಳಿಕ ಹ್ಯಾಂಬರ್ಗರ್ ಅವಳನ್ನು ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯಕ್ಕೆ ಆಹ್ವಾನಿಸಿದನು. 1947ರಲ್ಲಿ ಅಲ್ಲಿಗೆ ತೆರಳಿದ ಅವಳು ಅವನೊಂದಿಗೆ ಈ ಸಮಸ್ಯೆಯನ್ನು ಮತ್ತೆ ಪರೀಕ್ಷಿಸಿದಳು. 1949ರಲ್ಲಿ ಇಬ್ಬರೂ ಕೂಡಿ ಪ್ರಕಟಿಸಿದ ಲೇಖನವು ಲೆವಿ ಮೊಂಟಾಲ್ಚಿನಿಯ ನಿಲುವನ್ನೇ ಸಮರ್ಥಿಸಿತು. ಯಾವ ಶಸ್ತ್ರಕ್ರಿಯೆಯೂ ಇಲ್ಲದ ಸಹಜ ಭ್ರೂಣದಲ್ಲಿಯೂ, ಕೈಕಾಲುಗಳಿಲ್ಲದ ಕುತ್ತಿಗೆ ಮತ್ತು ಎದೆಯ ಭಾಗದ ನರಗಂಟುಗಳಲ್ಲಿ ಅಪಾರ ಸಂಖ್ಯೆಯ ಕೋಶಗಳು ಸಾಯುತ್ತವೆ ಎಂಬುದನ್ನು ಅದು ತೋರಿಸಿತು. ತನ್ನ ಹಿಂದಿನ ಮತವನ್ನು ತಾನೇ ಕೈಬಿಟ್ಟ ಹ್ಯಾಂಬರ್ಗರನ ಪ್ರಾಮಾಣಿಕತೆಯೂ ಇಲ್ಲಿ ಸ್ಮರಣೀಯ.

ಗಡ್ಡೆಯಿಂದ ದೊರೆತ ವಸ್ತು

1948ರಲ್ಲಿ ಹ್ಯಾಂಬರ್ಗರನ ಹಿಂದಿನ ಶಿಷ್ಯ ಎಲ್ಮರ್ ಬ್ಯೂಕರ್, ಇಲಿಯ ಸಾರ್ಕೋಮ ಗಡ್ಡೆಯ ತುಣುಕನ್ನು ಕೋಳಿಭ್ರೂಣದಲ್ಲಿ ನಾಟಿಮಾಡಿದಾಗ ಸಂವೇದನಾ ನರತಂತುಗಳು ಅದರೊಳಕ್ಕೆ ಹೇರಳವಾಗಿ ಬೆಳೆಯುವುದನ್ನು ಕಂಡಿದ್ದನು. ಲೆವಿ ಮೊಂಟಾಲ್ಚಿನಿ ಮತ್ತು ಹ್ಯಾಂಬರ್ಗರ್ ಇದನ್ನು ಮುಂದುವರಿಸಿದರು. ಗಡ್ಡೆಯನ್ನು ಭ್ರೂಣಕ್ಕೆ ನೇರವಾಗಿ ತಾಗದಂತೆ ಹೊರಪೊರೆಯ ಮೇಲಿಟ್ಟರೂ ಪರಿಣಾಮ ಉಂಟಾಗುತ್ತಿತ್ತು. ಆದ್ದರಿಂದ ಗಡ್ಡೆಯು ದ್ರವದಲ್ಲಿ ಹರಡಬಲ್ಲ ಯಾವುದೋ ವಸ್ತುವನ್ನು ಸ್ರವಿಸುತ್ತಿರಬೇಕೆಂದು ಅವರು ತರ್ಕಿಸಿದರು. 1952ರಲ್ಲಿ ಗಡ್ಡೆಯುಳ್ಳ ಇಲಿಗಳನ್ನು ಜೊತೆಗೊಯ್ದು ರಿಯೊ ಡಿ ಜನೈರೊದಲ್ಲಿ ಹೆರ್ಟಾ ಮೇಯರ್‌ಳ ಅಂಗಾಂಶ ಕೃಷಿ ಪ್ರಯೋಗಶಾಲೆಯಲ್ಲಿ ಕೆಲಸಮಾಡಿದ ಲೆವಿ ಮೊಂಟಾಲ್ಚಿನಿ, ಗಡ್ಡೆಯ ಸಮೀಪದಲ್ಲಿಟ್ಟ ನರಗಂಟಿನ ಸುತ್ತ ತಂತುಗಳು ಪ್ರಭಾವಳಿಯಂತೆ ಹೊಮ್ಮುವುದನ್ನು ಕಂಡಳು.

1953ರಲ್ಲಿ ಜೀವರಸಾಯನಜ್ಞ ಸ್ಟ್ಯಾನ್ಲಿ ಕೊಹೆನ್ ಈ ತಂಡವನ್ನು ಸೇರಿದನು. ಗಡ್ಡೆಯ ಸಾರದಲ್ಲಿ ಸಕ್ರಿಯ ವಸ್ತುವು ನ್ಯೂಕ್ಲಿಯಿಕ್ ಆಮ್ಲವೋ ಪ್ರೋಟೀನೋ ಎಂದು ತಿಳಿಯಲು, ನ್ಯೂಕ್ಲಿಯಿಕ್ ಆಮ್ಲವನ್ನು ಒಡೆಯುವ ಕಿಣ್ವಕ್ಕಾಗಿ ಹಾವಿನ ವಿಷವನ್ನು ಬೆರೆಸಿ ನೋಡಲಾಯಿತು. ಪರಿಣಾಮ ಕಡಿಮೆಯಾಗುವ ಬದಲು ಅನೇಕ ಪಟ್ಟು ಹೆಚ್ಚಿತು. ವಿಷದಲ್ಲಿಯೇ ಆ ವಸ್ತು ಸಮೃದ್ಧವಾಗಿತ್ತು. ವಿಷಗ್ರಂಥಿಗೆ ಸಮಾನವಾದ ಇಲಿಯ ಲಾಲಾಗ್ರಂಥಿಯಲ್ಲಿ ಹುಡುಕಿದಾಗ ಅಲ್ಲಿಯೂ ಅದು ಹೇರಳವಾಗಿ ದೊರೆಯಿತು. ಇದೇ ನರವೃದ್ಧಿಕಾರಕ. 1960ರಲ್ಲಿ ಇದರ ವಿರುದ್ಧ ತಯಾರಿಸಿದ ಪ್ರತಿಸೀರಮನ್ನು ನವಜಾತ ಇಲಿಗಳಿಗೆ ಚುಚ್ಚಿದಾಗ, ಅನುವೇದಕ ನರಮಂಡಲದ ಬಹುಪಾಲು ಕೋಶಗಳು ನಾಶವಾದವು. ಕಾರಕವು ಬೆಳವಣಿಗೆಗಷ್ಟೇ ಅಲ್ಲ, ಉಳಿವಿಗೂ ಬೇಕು ಎಂಬುದಕ್ಕೆ ಇದು ಪ್ರಬಲ ಸಾಕ್ಷ್ಯವಾಗಿತ್ತು.

ಅದೇ ಲಾಲಾಗ್ರಂಥಿಯ ಸಾರದಿಂದ ಕೊಹೆನ್ 1962ರಲ್ಲಿ ಇನ್ನೊಂದು ಪ್ರೋಟೀನನ್ನು ಬೇರ್ಪಡಿಸಿದನು. ಅದನ್ನು ಪಡೆದ ಇಲಿಮರಿಗಳು ಅವಧಿಗೆ ಮೊದಲೇ ಕಣ್ಣು ತೆರೆಯುತ್ತಿದ್ದವು, ಅವುಗಳ ಹಲ್ಲುಗಳೂ ಬೇಗನೆ ಮೂಡುತ್ತಿದ್ದವು. ಇದಕ್ಕೆ ಹೊರಚರ್ಮ ವೃದ್ಧಿಕಾರಕ, ಸಂಕ್ಷೇಪವಾಗಿ ಇಜಿಎಫ್, ಎಂದು ಹೆಸರಾಯಿತು. 1986ರಲ್ಲಿ ಈ ಇಬ್ಬರಿಗೂ ನೊಬೆಲ್ ಪುರಸ್ಕಾರ ಸಂದಿತು.

ಮುಂದಿನ ಹಂತದಲ್ಲಿ ವೃದ್ಧಿಕಾರಕಗಳು ಕ್ಯಾನ್ಸರ್ ಸಂಶೋಧನೆಯನ್ನು ಪ್ರವೇಶಿಸಿದ್ದು ವಿಭಜನೆಯ ಪ್ರಚೋದಕಗಳಾಗಿ ಮಾತ್ರ. ಕ್ಯಾನ್ಸರ್ ಕೋಶವು ತನಗೆ ಬೇಕಾದ ಕಾರಕವನ್ನು ತಾನೇ ಸ್ರವಿಸಿಕೊಳ್ಳಬಲ್ಲದು ಎಂಬ ವಿಚಾರವನ್ನು ಸ್ಪೋರ್ನ್ ಮತ್ತು ಟೊಡಾರೊ 1980ರಲ್ಲಿ ಮಂಡಿಸಿದರು. 1983ರಲ್ಲಿ ಮಂಗಗಳ ಸಾರ್ಕೋಮ ವೈರಸ್ಸಿನ ಕ್ಯಾನ್ಸರ್‌ಕಾರಕ ಜೀನು ಪ್ಲೇಟ್‌ಲೆಟ್ ವೃದ್ಧಿಕಾರಕವನ್ನೇ ಹೋಲುತ್ತದೆಂದೂ, 1984ರಲ್ಲಿ ಕೋಳಿಗಳ ವೈರಸ್ಸೊಂದರ ಜೀನು ಇಜಿಎಫ್ ಗ್ರಾಹಿಯ ತುಂಡಾದ ರೂಪವೆಂದೂ ತಿಳಿದುಬಂತು. ಹೀಗೆ ಕ್ಯಾನ್ಸರ್ ಎಂದರೆ ಮಿತಿಯಿಲ್ಲದ ವಿಭಜನೆ ಎಂಬ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು. ಭ್ರೂಣವಿಜ್ಞಾನಿಗಳು ಕಂಡಿದ್ದ ಉಳಿವಿನ ಪಾಠವು ನರವಿಜ್ಞಾನದ ಎಲ್ಲೆಯೊಳಗೇ ಉಳಿಯಿತು.

ಸಾವಿಗೊಂದು ಹೆಸರು

ಇದೇ ಅವಧಿಯಲ್ಲಿ ಸಾವಿನ ಅಧ್ಯಯನವು ಬೇರೆ ದಾರಿಯಲ್ಲಿ ನಡೆದಿತ್ತು. ರೇಷ್ಮೆಪತಂಗದ ಸ್ನಾಯುಗಳು ಕ್ಷಯಿಸುವುದನ್ನು ಅಭ್ಯಸಿಸಿದ ಲಾಕ್‌ಶಿನ್ ಮತ್ತು ವಿಲಿಯಮ್ಸ್ 1964ರಲ್ಲಿ ‘ಯೋಜಿತ ಕೋಶಮರಣ’ ಎಂಬ ಪದವನ್ನು ಬಳಕೆಗೆ ತಂದರು. ಆಸ್ಟ್ರೇಲಿಯದ ರೋಗಶಾಸ್ತ್ರಜ್ಞ ಜಾನ್ ಕೆರ್, ರಕ್ತಪೂರೈಕೆ ಕುಗ್ಗಿಸಿದ ಇಲಿಯ ಯಕೃತ್ತಿನಲ್ಲಿ ಕೆಲವು ಕೋಶಗಳು ಉಬ್ಬಿ ಒಡೆಯದೆ, ಕುಗ್ಗಿ ಸಣ್ಣ ತುಣುಕುಗಳಾಗಿ, ನೆರೆಯ ಕೋಶಗಳಿಂದ ಕಬಳಿಸಲ್ಪಡುವುದನ್ನು 1960ರ ದಶಕದಲ್ಲಿ ಗಮನಿಸಿದ್ದನು. ಉರಿಯೂತವಿಲ್ಲದ, ಅಚ್ಚುಕಟ್ಟಾದ ಸಾವು ಇದು. ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾನಿಲಯದಲ್ಲಿ ಅಲಸ್ಟೇರ್ ಕರಿ ಮತ್ತು ಆಂಡ್ರ್ಯೂ ವೈಲಿ ಅವರೊಂದಿಗೆ ಕೆರ್ ಸೇರಿಕೊಂಡನು. ಮೂವರೂ 1972ರಲ್ಲಿ ಬ್ರಿಟನ್ನಿನ ಕ್ಯಾನ್ಸರ್ ನಿಯತಕಾಲಿಕದಲ್ಲಿ ಪ್ರಕಟಿಸಿದ ಲೇಖನವು ಈ ವಿದ್ಯಮಾನಕ್ಕೆ ‘ಅಪೊಪ್ಟೋಸಿಸ್’ ಎಂಬ ಹೆಸರನ್ನು ನೀಡಿತು. ಮರದಿಂದ ಎಲೆ, ಹೂವಿನಿಂದ ಎಸಳು ಉದುರುವುದೆಂಬ ಅರ್ಥದ ಈ ಗ್ರೀಕ್ ಪದವನ್ನು ಸೂಚಿಸಿದವನು ಅದೇ ವಿಶ್ವವಿದ್ಯಾನಿಲಯದ ಗ್ರೀಕ್ ಪ್ರಾಧ್ಯಾಪಕ ಜೇಮ್ಸ್ ಕಾರ್ಮ್ಯಾಕ್.

ಈ ತಂಡದ ಎರಡು ಅವಲೋಕನಗಳು ಪ್ರಸ್ತುತ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ. ಮೊದಲನೆಯದು ಅಡ್ರಿನಲ್ ಗ್ರಂಥಿಯದು. ಪಿಟ್ಯುಟರಿಯಿಂದ ಬರುವ ಹಾರ್ಮೋನು ನಿಂತರೆ ಗ್ರಂಥಿಯ ಹೊರಪದರದ ಕೋಶಗಳು ಅಪೊಪ್ಟೋಸಿಸ್‌ಗೆ ಒಳಗಾಗುತ್ತವೆ, ಆ ಹಾರ್ಮೋನನ್ನು ಹೊರಗಿನಿಂದ ನೀಡಿದರೆ ಉಳಿಯುತ್ತವೆ ಎಂಬುದನ್ನು ವೈಲಿ ಮತ್ತು ಸಂಗಡಿಗರು 1973ರಲ್ಲಿ ತೋರಿಸಿದರು. ಎರಡನೆಯದು ಚರ್ಮದ ಒಂದು ಬಗೆಯ ಕ್ಯಾನ್ಸರಿನದು. ಸೂಕ್ಷ್ಮದರ್ಶಕದಲ್ಲಿ ವಿಭಜನೆಗಳು ಧಾರಾಳವಾಗಿ ಕಾಣಿಸಿದರೂ ಈ ಗಡ್ಡೆ ಬಹಳ ನಿಧಾನವಾಗಿ ಬೆಳೆಯುತ್ತದೆ. ಹುಟ್ಟಿದ ಕೋಶಗಳಲ್ಲಿ ಬಹುಪಾಲು ಅಲ್ಲಿಯೇ ಸಾಯುತ್ತಿರುವುದೇ ಇದಕ್ಕೆ ಕಾರಣವೆಂದು ಕೆರ್ ಮತ್ತು ಸರ್ಲ್ 1972ರಲ್ಲಿ ಸೂಚಿಸಿದರು. ಗಡ್ಡೆಯ ಗಾತ್ರವು ಜನನದಿಂದಷ್ಟೇ ನಿರ್ಧಾರವಾಗುವುದಿಲ್ಲ, ಮರಣವನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂಬ ಈ ಸರಳ ಗಣಿತವು ಒಂದೂವರೆ ದಶಕದ ಕಾಲ ಹೆಚ್ಚು ಜನರನ್ನು ತಲುಪಲಿಲ್ಲ.

ಇಂತಹ ಅನಾಸಕ್ತಿಗೆ ಕೆಲವು ಕಾರಣಗಳನ್ನು ಗುರುತಿಸಬಹುದು. ಅಪೊಪ್ಟೋಸಿಸ್‌ಗೆ ಒಳಗಾದ ಕೋಶವು ಅಂಗಾಂಶದಲ್ಲಿ ಅಲ್ಪಾವಧಿಯಲ್ಲೇ ಕಬಳಿಸಲ್ಪಟ್ಟು ಕಣ್ಮರೆಯಾಗುತ್ತದೆ. ವಿಭಜನೆಯಂತೆ ಅದು ಎದ್ದು ಕಾಣುವುದಿಲ್ಲ. ಗಾಜಿನ ತಟ್ಟೆಗಳಲ್ಲಿ ಸತ್ತ ಕೋಶಗಳು ತಳದಿಂದ ಕಳಚಿ ತೇಲುತ್ತವೆ; ದ್ರವ ಬದಲಿಸುವಾಗ ಅವು ಚೆಲ್ಲಿಹೋಗುತ್ತವೆ. ಕೋಶಕೃಷಿಗೆ ಬೆರೆಸುವ ಸೀರಮನ್ನು ಆಹಾರವೆಂದೇ ಎಣಿಸುವುದು ರೂಢಿಯಾಗಿತ್ತು. ಅದಿಲ್ಲದೆ ಕೋಶ ಸತ್ತರೆ ಹಸಿವಿನಿಂದ ಸತ್ತಿತೆಂದು ತಿಳಿಯಲಾಗುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಈ ಸಾವನ್ನು ನಡೆಸುವ ಜೀನು ಯಾವುದು, ಪ್ರೋಟೀನು ಯಾವುದು ಎಂಬುದು ತಿಳಿದಿರಲಿಲ್ಲ. ಆಕೃತಿಯ ವರ್ಣನೆಯೊಂದೇ ಅಣುಜೀವವಿಜ್ಞಾನದ ಯುಗಕ್ಕೆ ಸಾಲದಾಯಿತು.

ಈ ಕೊನೆಯ ಕೊರತೆಯನ್ನು ತುಂಬಲು ನೆರವಾದದ್ದು ಒಂದು ಮಿಲಿಮೀಟರ್ ಉದ್ದದ ಹುಳು. ಸಿಡ್ನಿ ಬ್ರೆನರ್ ಆಯ್ದುಕೊಂಡ ಆ ಹುಳುವಿನಲ್ಲಿ ಹುಟ್ಟುವ 1090 ದೇಹಕೋಶಗಳ ಪೈಕಿ 131 ಕೋಶಗಳು ಪ್ರತಿಯೊಂದು ಹುಳುವಿನಲ್ಲೂ ತಪ್ಪದೆ ಸಾಯುತ್ತವೆ ಎಂಬುದು ಜಾನ್ ಸಲ್‌ಸ್ಟನ್ ಮೊದಲಾದವರ ಶೋಧನೆಯಿಂದ ತಿಳಿಯಿತು. ಈ ಸಾವಿಗೆ ಅಗತ್ಯವಾದ ಎರಡು ಜೀನುಗಳನ್ನು ರಾಬರ್ಟ್ ಹಾರ್ವಿಟ್ಸ್‌ನ ಪ್ರಯೋಗಶಾಲೆ 1986ರಲ್ಲಿ ವರದಿಮಾಡಿತು. ಈ ಮೂವರಿಗೂ 2002ರ ನೊಬೆಲ್ ಪುರಸ್ಕಾರ ದೊರೆಯಿತು.

1988: ಎರಡು ಧಾರೆಗಳ ಸಂಗಮ

ಫಾಲಿಕ್ಯುಲರ್ ಲಿಂಫೋಮ ಎಂಬ ದುಗ್ಧಕೋಶಗಳ ಕ್ಯಾನ್ಸರಿನಲ್ಲಿ 14 ಮತ್ತು 18ನೆಯ ವರ್ಣತಂತುಗಳ ತುಂಡುಗಳು ಅದಲುಬದಲಾಗಿರುವುದು ಬಹುಪಾಲು ರೋಗಿಗಳಲ್ಲಿ ಕಂಡುಬರುತ್ತದೆ. ಆ ಜೋಡಣೆಯ ಸ್ಥಳದಲ್ಲಿದ್ದ ಜೀನನ್ನು ಸುಜಿಮೊಟೊ, ಕ್ರೋಚೆ ಮತ್ತು ಸಂಗಡಿಗರು 1980ರ ದಶಕದ ನಡುವೆ ಪತ್ತೆಹಚ್ಚಿ ‘ಬಿಸಿಎಲ್–2’ ಎಂದು ಕರೆದರು. ಅದು ಕೂಡ ವಿಭಜನೆಯನ್ನು ಪ್ರಚೋದಿಸುವ ಜೀನೇ ಇರಬೇಕೆಂಬುದು ಸಹಜವಾದ ನಿರೀಕ್ಷೆಯಾಗಿತ್ತು.

ಮೆಲ್ಬೋರ್ನಿನ ವಾಲ್ಟರ್ ಅಂಡ್ ಎಲಿಜಾ ಹಾಲ್ ಸಂಸ್ಥೆಯಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಡೇವಿಡ್ ವಾಕ್ಸ್, ಸುಝಾನ್ ಕೋರಿ ಮತ್ತು ಜೆರಿ ಆಡಮ್ಸ್ ಅವರೊಂದಿಗೆ ಈ ನಿರೀಕ್ಷೆಯನ್ನು ಪರೀಕ್ಷೆಗೆ ಒಡ್ಡಿದನು. ಇಂಟರ್‌ಲ್ಯೂಕಿನ್–3 ಎಂಬ ವೃದ್ಧಿಕಾರಕವಿಲ್ಲದೆ ಬದುಕಲಾರದ ಇಲಿಯ ರಕ್ತಜನಕ ಕೋಶಗಳಿಗೆ ಬಿಸಿಎಲ್–2 ಜೀನನ್ನು ಸೇರಿಸಿ, ಅನಂತರ ಕಾರಕವನ್ನು ತೆಗೆದುಹಾಕಲಾಯಿತು. ಸಾಮಾನ್ಯ ಕೋಶಗಳು ಸತ್ತವು. ಜೀನು ಸೇರಿಸಿದ ಕೋಶಗಳು ಸಾಯಲಿಲ್ಲ. ಆದರೆ ಅವು ವಿಭಜನೆಗೊಳ್ಳಲೂ ಇಲ್ಲ. ವೃದ್ಧಿಕಾರಕವನ್ನು ಮರಳಿ ನೀಡಿದಾಗ ಮತ್ತೆ ಬೆಳೆಯತೊಡಗಿದವು.

1988ರಲ್ಲಿ ಪ್ರಕಟವಾದ ಈ ಫಲಿತಾಂಶದ ಮಹತ್ವವನ್ನು ಎರಡು ನೆಲೆಗಳಲ್ಲಿ ಗುರುತಿಸಬೇಕು. ವೃದ್ಧಿಕಾರಕವು ಮಾಡುವ ಕೆಲಸಗಳು ಎರಡು, ವಿಭಜನೆಗೆ ಪ್ರಚೋದನೆ ಮತ್ತು ಉಳಿವಿಗೆ ರಕ್ಷಣೆ. ಅವು ಒಂದರಿಂದೊಂದು ಬೇರ್ಪಡಬಲ್ಲವು ಎಂಬುದು ಮೊದಲನೆಯದು. ಸಾವನ್ನು ತಡೆಯುವುದರಿಂದಲೂ ಒಂದು ಜೀನು ಕ್ಯಾನ್ಸರಿಗೆ ಕಾರಣವಾಗಬಲ್ಲದು ಎಂಬುದು ಎರಡನೆಯದು. ಟ್ಯೂರಿನ್ನಿನ ಮಲಗುವ ಕೋಣೆಯಲ್ಲಿ ನರಕೋಶಗಳ ಬಗ್ಗೆ ಮಾಡಿದ್ದ ಅನುಮಾನವು ಇಲ್ಲಿ ರಕ್ತಕೋಶಗಳ ಮೂಲಕ ಕ್ಯಾನ್ಸರ್ ವಿಜ್ಞಾನವನ್ನು ತಲುಪಿತು. 1992ರಲ್ಲಿ ಮಾನವನ ಬಿಸಿಎಲ್–2 ಜೀನನ್ನು ಹುಳುವಿನಲ್ಲಿ ಸೇರಿಸಿದಾಗ ಅಲ್ಲಿಯೂ ಅದು ಸಾವನ್ನು ತಡೆಯಿತು.

ಅದೇ 1992ರಲ್ಲಿ ಜೆರಾರ್ಡ್ ಇವಾನ್ ಮತ್ತು ಸಂಗಡಿಗರು ಲಂಡನ್ನಿನಲ್ಲಿ ಮತ್ತೊಂದು ಅಚ್ಚರಿಯನ್ನು ಮುಂದಿಟ್ಟರು. ಮಿಕ್ ಎಂಬ ಪ್ರಸಿದ್ಧ ಕ್ಯಾನ್ಸರ್ ಜೀನು ಸದಾ ಚಾಲನೆಯಲ್ಲಿರುವ ಇಲಿಯ ಕೋಶಗಳಿಗೆ ಸೀರಮಿನ ಪ್ರಮಾಣ ತಗ್ಗಿಸಿದರೆ ಅವು ಸಾಯತೊಡಗುತ್ತವೆ. ವಿಭಜನೆಗೆ ಒತ್ತಾಯಿಸುವ ಜೀನೇ ಸಾವಿಗೂ ದಾರಿಮಾಡಿಕೊಡುತ್ತದೆ. ಇನ್ಸುಲಿನ್‌ಸದೃಶ ವೃದ್ಧಿಕಾರಕ ಮತ್ತು ಪ್ಲೇಟ್‌ಲೆಟ್ ವೃದ್ಧಿಕಾರಕಗಳು ಈ ಸಾವನ್ನು ತಡೆಯುತ್ತವೆಯೆಂದು 1994ರಲ್ಲಿ ಇದೇ ತಂಡ ತೋರಿಸಿತು. ಬಿಸಿಎಲ್–2 ಕೂಡ ಹಾಗೆಯೇ ತಡೆಯುತ್ತಿತ್ತು. ಹೀಗಾಗಿ ಬಹುಕೋಶ ಜೀವಿಯಲ್ಲಿ ಕ್ಯಾನ್ಸರಿನ ವಿರುದ್ಧ ಸಹಜವಾದ ಕಾವಲೊಂದಿದೆ ಎಂಬ ತಿಳಿವಳಿಕೆ ಮೂಡಿತು. ನೆರೆಯ ಕೋಶಗಳ ಒಪ್ಪಿಗೆಯಿಲ್ಲದೆ ವಿಭಜಿಸಹೊರಟ ಕೋಶ ಸಾಯುತ್ತದೆ. ಸಾಯದಿರಬೇಕಾದರೆ ಅದು ಇನ್ನೂ ಒಂದು ಕಟ್ಟಳೆಯನ್ನು ಮುರಿಯಬೇಕು. ಮಾರ್ಟಿನ್ ರಾಫ್ 1992ರಲ್ಲಿ ಈ ವಿಚಾರವನ್ನು ವಿಸ್ತರಿಸಿ, ಸಸ್ತನಿಗಳ ಬಹುತೇಕ ಎಲ್ಲ ಕೋಶಗಳೂ ಇತರ ಕೋಶಗಳಿಂದ ಬರುವ ಉಳಿವಿನ ಸಂಕೇತಗಳನ್ನು ಅವಲಂಬಿಸಿವೆ, ಅವು ನಿಂತರೆ ಸಾವೇ ಸಹಜ ಗತಿ ಎಂದು ವಾದಿಸಿದನು.

ಸಂಕೇತದ ಹಾದಿ

ಕೋಶದ ಹೊರಗಿನ ಕಾರಕವು ಒಳಗಿನ ಮರಣಯಂತ್ರವನ್ನು ತಡೆಯುವುದು ಹೇಗೆ ಎಂಬ ಪ್ರಶ್ನೆಗೆ 1995ರಿಂದ 1997ರ ನಡುವೆ ಉತ್ತರ ದೊರೆಯಿತು. ನರವೃದ್ಧಿಕಾರಕದ ರಕ್ಷಣೆಗೆ ಪಿಐ–3 ಕೈನೇಸ್ ಎಂಬ ಕಿಣ್ವ ಅಗತ್ಯವೆಂದು 1995ರಲ್ಲಿ ತಿಳಿಯಿತು. ಅದರ ಮುಂದಿನ ಕೊಂಡಿ ‘ಎಕೆಟಿ’ ಎಂಬ ಇನ್ನೊಂದು ಕಿಣ್ವವೆಂಬುದು 1997ರಲ್ಲಿ ಸ್ಪಷ್ಟವಾಯಿತು. ಇದು ಬಿಸಿಎಲ್–2 ಕುಟುಂಬಕ್ಕೇ ಸೇರಿದ, ಆದರೆ ಸಾವನ್ನು ಪ್ರೇರಿಸುವ ‘ಬ್ಯಾಡ್’ ಎಂಬ ಪ್ರೋಟೀನಿಗೆ ಫಾಸ್ಫೇಟನ್ನು ಜೋಡಿಸಿ ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಕಾರಕವು ನಿಂತಾಗ ಈ ಬಗೆಯ ಮರಣಪ್ರೇರಕ ಪ್ರೋಟೀನುಗಳು ಬಿಡುಗಡೆಗೊಳ್ಳುತ್ತವೆ. ಮೈಟೊಕಾಂಡ್ರಿಯದಿಂದ ಸೈಟೊಕ್ರೋಮ್–ಸಿ ಸೋರುತ್ತದೆ. ಅದು ಕ್ಯಾಸ್ಪೇಸ್ ಎಂಬ ಕಿಣ್ವಗಳ ಸರಣಿಗೆ ಚಾಲನೆ ನೀಡುತ್ತದೆ. ಕೋಶವು ಒಳಗಿನಿಂದಲೇ ಕಳಚಿಕೊಳ್ಳುತ್ತದೆ. ಈ ಹಾದಿಗೆ ತಡೆಯೊಡ್ಡುವ ‘ಪಿಟೆನ್’ ಜೀನು ಹಲವು ಬಗೆಯ ಕ್ಯಾನ್ಸರುಗಳಲ್ಲಿ ನಷ್ಟವಾಗಿರುವುದೂ 1997ರಲ್ಲಿಯೇ ಪತ್ತೆಯಾಯಿತು. ಅದನ್ನು ಕಳೆದುಕೊಂಡ ಕೋಶವು ಕಾರಕ ಬಾರದಿದ್ದರೂ ಬಂದಂತೆಯೇ ವರ್ತಿಸುತ್ತದೆ.

ಆದರೆ ಎಲ್ಲ ವೃದ್ಧಿಕಾರಕಗಳೂ ರಕ್ಷಕಗಳೆಂದು ಭಾವಿಸುವುದು ಸರಿಯಲ್ಲ. ಟಿಜಿಎಫ್–ಬೀಟಾ ಎಂಬ ಕಾರಕವು ಯಕೃತ್ತಿನ ಕೋಶಗಳಲ್ಲಿ ಅಪೊಪ್ಟೋಸಿಸ್ ಉಂಟುಮಾಡುವುದು 1990ರ ದಶಕದ ಆರಂಭದಲ್ಲಿ ತಿಳಿದಿತ್ತು. ದೊಡ್ಡ ಕರುಳಿನ ಕೆಲವು ಕ್ಯಾನ್ಸರುಗಳಲ್ಲಿ ಅದರ ಗ್ರಾಹಿಯೇ ಕೆಟ್ಟಿರುವುದು 1995ರಲ್ಲಿ ಕಂಡುಬಂತು. ಒಂದೇ ಸಂಕೇತವು ಒಂದು ಕೋಶಕ್ಕೆ ಉಳಿವಾಗಿ, ಇನ್ನೊಂದಕ್ಕೆ ಅಳಿವಾಗಿ ಪರಿಣಮಿಸಬಹುದು. ಅರ್ಥವು ಸಂಕೇತದಲ್ಲಿರುವಂತೆ ಅದನ್ನು ಸ್ವೀಕರಿಸುವ ಕೋಶದ ಸ್ಥಿತಿಯಲ್ಲೂ ಇರುತ್ತದೆ.

ಚಿಕಿತ್ಸೆಯ ನೆಲೆ

ಈ ತಿಳಿವಳಿಕೆಯ ನಿಜವಾದ ಪರೀಕ್ಷೆ ನಡೆದದ್ದು ಆಸ್ಪತ್ರೆಗಳಲ್ಲಿ. ಸ್ತನ ಕ್ಯಾನ್ಸರಿಗೆ ಟ್ರಾಸ್ಟುಝುಮ್ಯಾಬ್ 1998ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆಯಿತು. ಇಜಿಎಫ್ ಗ್ರಾಹಿಯನ್ನು ತಡೆಯುವ ಜೆಫಿಟಿನಿಬ್ 2002ರಲ್ಲಿ ಜಪಾನಿನಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಬಳಕೆಗೆ ಬಂತು. ಕೆಲವೇ ರೋಗಿಗಳಲ್ಲಿ ಗಡ್ಡೆಗಳು ಬೆರಗಾಗುವಂತೆ ಕರಗಿದವು. ಅಂತಹವರ ಗಡ್ಡೆಗಳಲ್ಲಿ ಗ್ರಾಹಿಯ ಜೀನೇ ಉತ್ಪರಿವರ್ತನೆಗೊಂಡಿರುತ್ತದೆ ಎಂಬುದು 2004ರಲ್ಲಿ ತಿಳಿಯಿತು. ಗ್ರಾಹಿಯನ್ನು ತಡೆದಾಗ ‘ಬಿಮ್’ ಎಂಬ ಮರಣಪ್ರೇರಕ ಪ್ರೋಟೀನು ಶೇಖರಗೊಂಡು ಕೋಶವನ್ನು ಕೊಲ್ಲುತ್ತದೆ ಎಂಬುದನ್ನು 2007ರಲ್ಲಿ ಹಲವು ತಂಡಗಳು ತೋರಿಸಿದವು. ಯಾವ ಸಂಕೇತದ ಬಲದಿಂದ ಕೋಶ ಸಾವನ್ನು ತಪ್ಪಿಸಿಕೊಂಡಿತ್ತೋ ಅದೇ ಸಂಕೇತ ಅದರ ದೌರ್ಬಲ್ಯವೂ ಆಗಿತ್ತು.

ವಿಫಲತೆಗಳನ್ನೂ ದಾಖಲಿಸಬೇಕು. ಜೆಫಿಟಿನಿಬ್‌ಗೆ ಮಣಿದ ಗಡ್ಡೆಗಳು ಕೆಲಕಾಲದ ಬಳಿಕ ಮತ್ತೆ ಬೆಳೆದವು; ಅದಕ್ಕೆ ಕಾರಣವಾದ ಎರಡನೆಯ ಉತ್ಪರಿವರ್ತನೆ 2005ರಲ್ಲಿ ಪತ್ತೆಯಾಯಿತು. ಪ್ರಯೋಗಶಾಲೆಯಲ್ಲಿ ಅತ್ಯಂತ ಸಮರ್ಥ ಉಳಿವಿನ ಕಾರಕವೆನಿಸಿದ್ದ ಇನ್ಸುಲಿನ್‌ಸದೃಶ ವೃದ್ಧಿಕಾರಕದ ಗ್ರಾಹಿಯನ್ನು ತಡೆಯುವ ಪ್ರತಿಕಾಯವು ಶ್ವಾಸಕೋಶದ ಕ್ಯಾನ್ಸರಿನ ದೊಡ್ಡ ಚಿಕಿತ್ಸಾ ಪರೀಕ್ಷೆಗಳಲ್ಲಿ ಪ್ರಯೋಜನ ತೋರಲಿಲ್ಲ. ಒಂದು ಹಾದಿ ಮುಚ್ಚಿದರೆ ಕ್ಯಾನ್ಸರ್ ಕೋಶ ಇನ್ನೊಂದನ್ನು ಹಿಡಿಯುತ್ತದೆ. ಸಂಕೇತವನ್ನು ತಡೆಯುವ ಬದಲು ಅದು ಕಾಪಾಡುವ ಪ್ರೋಟೀನನ್ನೇ ತಡೆಯುವ ಯತ್ನವೂ ನಡೆಯಿತು. ಬಿಸಿಎಲ್–2ನ್ನು ತಡೆಯುವ ವೆನೆಟೊಕ್ಲಾಕ್ಸ್ 2016ರಲ್ಲಿ ಒಂದು ಬಗೆಯ ರಕ್ತ ಕ್ಯಾನ್ಸರಿಗೆ ಅಮೆರಿಕದಲ್ಲಿ ಮಾನ್ಯತೆ ಪಡೆಯಿತು. ಮೆಲ್ಬೋರ್ನಿನ ಪ್ರಯೋಗದಿಂದ ಈ ಔಷಧದವರೆಗೆ 28 ವರ್ಷಗಳು ಸಂದಿದ್ದವು.

ಉಪಸಂಹಾರ

ಈ ಇತಿಹಾಸದಿಂದ ಹೊರಡುವ ತೀರ್ಮಾನವು ಕಾರಕಗಳ ಪಟ್ಟಿಗಿಂತ ವಿಶಾಲವಾದುದು. 1942ರಿಂದ 1988ರವರೆಗಿನ ವಿಳಂಬಕ್ಕೆ ಉಪಕರಣಗಳ ಕೊರತೆಯೊಂದೇ ಕಾರಣವಲ್ಲ. ಭ್ರೂಣವಿಜ್ಞಾನ, ರೋಗಶಾಸ್ತ್ರ, ಕ್ಯಾನ್ಸರ್ ವಿಜ್ಞಾನಗಳು ತಮ್ಮ ತಮ್ಮ ನಿಯತಕಾಲಿಕಗಳಲ್ಲಿ ತಮ್ಮ ತಮ್ಮ ಪರಿಭಾಷೆಯಲ್ಲಿ ಮಾತನಾಡುತ್ತಿದ್ದವು. ‘ವೃದ್ಧಿಕಾರಕ’ ಎಂಬ ಹೆಸರೇ ವೃದ್ಧಿಯನ್ನು ಎತ್ತಿಹಿಡಿದು ಉಳಿವನ್ನು ಮರೆಮಾಡಿತು. ಗಡ್ಡೆಯನ್ನು ಕಂಡವರು ಹುಟ್ಟಿದ ಕೋಶಗಳನ್ನು ಎಣಿಸಿದರು. ಸಾಯದೆ ಉಳಿದವುಗಳನ್ನು ಎಣಿಸುವ ಅಗತ್ಯ ಅವರಿಗೆ ತೋರಲಿಲ್ಲ.

ಬಹುಕೋಶ ಜೀವಿಯ ಪ್ರತಿಯೊಂದು ಕೋಶವೂ ನೆರೆಹೊರೆಯ ಕೋಶಗಳು ಕಳುಹಿಸುವ ಸಂಕೇತಗಳ ಆಧಾರದಿಂದ ಬದುಕುತ್ತದೆ, ಅವು ನಿಂತಾಗ ಸದ್ದಿಲ್ಲದೆ ಸರಿಯುತ್ತದೆ ಎಂಬುದು ಇಂದು ಸ್ಥಾಪಿತವಾದ ವಿಚಾರ. ಈ ಅವಲಂಬನೆಯಿಂದ ಕಳಚಿಕೊಂಡ ಕೋಶವೇ ಕ್ಯಾನ್ಸರ್ ಕೋಶ. ಸಂಶೋಧನೆಯ ಅವಕಾಶದಿಂದ ಹೊರಹಾಕಲ್ಪಟ್ಟ ವಿದ್ವಾಂಸೆಯೊಬ್ಬಳು ಯುದ್ಧದ ನಡುವೆ ಕೋಳಿಮೊಟ್ಟೆಯಲ್ಲಿ ಕಂಡ ಸಾವು, ಅರ್ಧ ಶತಮಾನದ ಅನಂತರ ಈ ತಿಳಿವಳಿಕೆಗೆ ತಳಹದಿಯಾಯಿತು. ಅವಳು ವಿವರಿಸಿದ್ದು ನರಕೋಶಗಳ ಅಳಿವನ್ನು. ಅದರಿಂದ ತಿಳಿದುಬಂದದ್ದು ಉಳಿದೆಲ್ಲ ಕೋಶಗಳ ಉಳಿವಿನ ನಿಯಮ.